ಸುಡುವ ತಗಡಿನ ಮೇಲಿನ ಬೀಜ

ಮೇ ೧೯, ಭಾನುವಾರ

ಓರಗಿತ್ತಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಮ್ಮ ಬೀಜದ ಸಂಘದ ಹೆಂಗಸರೆಲ್ಲ ಸೇರಿ, ಮೊಳಕೆ ಬರುತ್ತದೋ ನೋಡಲೆಂದು ನೂರು ನೂರು ಕಾಳು ಎಣಿಸಿ ಸುತ್ತಿಟ್ಟಿದ್ದ ಒದ್ದೆ ಬಟ್ಟೆಗಳನ್ನು ಇವತ್ತು ಬಿಚ್ಚಿದೆವು. ನನ್ನ ಜೋಳ ತೊಂಬತ್ತಮೂರು ಮೊಳೆತಿತ್ತು, ಅವಳದು ಹನ್ನೊಂದು. ಊರಿಗೆ ಹಂಚಬೇಕಾದ ಬೀಜದಲ್ಲಿ ಅರ್ಧ ಅವಳದೇ.

"ಕೋಳಿಗೆ ಹಾಕೋಕೆ ಸರಿಯಾಯ್ತು ಬಿಡು" ಎಂದೆ. ಹೋದ ವರ್ಷ ನನ್ನ ಬೀಜ ಕೆಟ್ಟಾಗ ಅವಳು ಆಡಿದ ಮಾತೇ ಅದು. ಎಲ್ಲರೂ ನಕ್ಕರು.

ಬಾಗಿಲ ಹತ್ತಿರ ನನ್ನ ಕೈ ಹಿಡಿದಳು. "ಅಕ್ಕಾ, ಸುಡೋ ತಗಡಿನ ಮೇಲೆ ಒಣಗಿಸ್ತಿದ್ದಾಗ ನೋಡ್ಕೊಂಡೇ ಹೋದ್ಯಲ್ಲ. ಬೀಜ ಸತ್ತೋಗುತ್ತೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕೇಳ್ಲಿಲ್ಲ."

ಮೂರು ದಿನ ನೋಡಿದ್ದೆ. ಹೋದ ವರ್ಷ ನನ್ನ ಬೀಜ ಸತ್ತದ್ದೂ ಹಾಗೆಯೇ. ಮೂರು ದಿನವೂ ದೇವರ ನಾಮ ಹೇಳಿಕೊಳ್ಳುತ್ತಲೇ ಆ ಮನೆ ದಾಟಿ ಬಂದೆ.

ಕ್ಷಮಿಸು ಅನ್ನೋಣವೆಂದು ಈಗ ದೇವರ ಮುಂದೆ ಕೈಮುಗಿದು ಕೂತರೆ ನಗು ಬರುತ್ತದೆ. ಬೀಜ ಸಿಗದೆ ಹೋಗುವ ಅರ್ಧ ಊರು ನೆನಪಾದಾಗ ಮಾತ್ರ ನಗು ನಿಲ್ಲುತ್ತದೆ. ನಾಳೆ ಬೀಜ ಹಂಚುವಾಗ ಅವಳೂ ಬುಟ್ಟಿ ಹಿಡಿದು ನನ್ನ ಬಾಗಿಲಿಗೆ ಬರಬೇಕು. ಕೊಡುತ್ತೇನೆ. ಎಲ್ಲರೂ ನೋಡುತ್ತಿರುವಾಗ, ಎಲ್ಲರಿಗಿಂತ ಕೊನೆಗೆ, ಅಷ್ಟು ಹೊತ್ತಿಗೆ ಏನಾದರೂ ಉಳಿದಿದ್ದರೆ.