ಸಮಾಯಿಲ್ ಕಣಿವೆಯ ಹದಿನಾಲ್ಕನೆಯ ಹಾಳೆ

22-1-88, ಶುಕ್ರವಾರ. ಬೆಳಿಗ್ಗೆ 5.10

ಹಿಂದಿನ ಚಕ್ರಕ್ಕೆ ಗಾಳಿ ಹೊಡೆದೆ. ಮತ್ತೆ ಇಳಿದಿತ್ತು. ಮತ್ರಾ ಪೇಟೆಯಲ್ಲಿ ಹಳೆಯ ಸೈಕಲ್ ಕೊಂಡರೆ ಇಷ್ಟೇ. ಚೀಲದಲ್ಲಿ ನೀರು ಎರಡು ಬಾಟ್ಲಿ, ಚಪಾತಿ ನಾಲ್ಕು, ಉಪ್ಪಿನಕಾಯಿ, ಪೆನ್ಸಿಲ್, ಟೇಪು, ಹಾಳೆಗಳು. ಇಸ್ತ್ರಿ ಮಾಡಿದ ದಿಶ್‌ದಾಶಾ, ಇಲ್ಲಿಯವರ ಉದ್ದ ನಿಲುವಂಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ. ಇಸ್ತ್ರಿಯ ಮಡಿಕೆ ಕೆಡಬಾರದು.

ಎಲಿಯಾಸ್ ಕಂಬಳಿಯೊಳಗಿಂದಲೇ — "ಶುಕ್ರವಾರ ಆದ್ರೂ ಮನುಷ್ಯರ ಹಾಗೆ ಮಲಗ್ಲಿಕ್ಕೆ ಆಗುದಿಲ್ವಾ ಮಾರಾಯ ನಿಂಗೆ?" ಎಂಟು ವರ್ಷದ ರೂಮ್‌ಮೇಟ್. ಅವನಿಗೆ ಶುಕ್ರವಾರ ಎಂದರೆ ರೂವಿಯ ಇಗರ್ಜಿ, ಪೂಜೆ, ಆಮೇಲೆ ಬಿರಿಯಾನಿ. ನನಗೆ ಕಣಿವೆ. ಐದೂವರೆಗೆ ಮವಾಲೇಹ್‌ನಿಂದ ಕಂಪನಿ ಪಿಕಪ್ ಸೈಟಿಗೆ ನೀರು ಒಯ್ಯುತ್ತದೆ. ಬಿದ್‌ಬಿದ್‌ನಲ್ಲಿ ನನ್ನನ್ನೂ ಸೈಕಲನ್ನೂ ಇಳಿಸುತ್ತದೆ, ಸಂಜೆ ನಾಲ್ಕಕ್ಕೆ ಅಲ್ಲೇ ಹತ್ತಿಸಿಕೊಳ್ಳುತ್ತದೆ. ಡ್ರೈವರ್ ಪುಣ್ಯಾತ್ಮ.

ಸಂಜೆ 6.30

ಮೂರು ಹಳ್ಳಿ. ಮೂರರಲ್ಲೂ ಹಸಿರು ಬಾಗಿಲು, ಕಾಲುವೆ ಪಕ್ಕ ಲಿಂಬೆ ಗಿಡ. ನನಗೆ ನೆನಪಿರುವ ಗುರುತೂ ಅಷ್ಟೇ. ಒಮಾನಿನಲ್ಲಿ ಹಸಿರು ಬಾಗಿಲು ಹುಡುಕುವುದೂ ಮಂಗಳೂರಿನಲ್ಲಿ ಹೆಂಚಿನ ಮನೆ ಹುಡುಕುವುದೂ ಒಂದೇ. "ಹೋದ ವರ್ಷ ವಾದಿಯ ಹೊಳೆನೀರಿನಿಂದ ಒಬ್ಬ ಹಿಂದಿಯನ್ನು ಎಳೆದು ತೆಗೆದವರು ಯಾರು?" ಕೇಳಿದೆ. ಭಾರತದವರೆಲ್ಲ ಇವರಿಗೆ ಹಿಂದಿ. ಎಲ್ಲರದೂ ಒಂದೇ ಉತ್ತರ — ಲಾ. ಇಲ್ಲ, ಗೊತ್ತಿಲ್ಲ.

23-1-88, ಶನಿವಾರ. ಆಫೀಸು

ಫೈನಲ್ ಎಕ್ಸಿಟ್. ಪ್ರಾಜೆಕ್ಟ್ ಖಲಾಸ್, ಡ್ರಾಫ್ಟ್ಸ್‌ಮನ್ ಸೇಸಪ್ಪನೂ ಖಲಾಸ್. ಊರಿಗೆ ಟಿಕೆಟ್ ಫೆಬ್ರವರಿ 28. ಬೇಸರವಿಲ್ಲ. ಹನ್ನೊಂದು ವರ್ಷ ಅನ್ನ ಕೊಟ್ಟ ನೆಲ, ಮನೆ ಕಟ್ಟಿಸಿದ ನೆಲ, ಇನ್ನೇನು ಕೇಳಲಿ... ಆದರೆ ಉಳಿದದ್ದು ಐದು ಶುಕ್ರವಾರ. ಅಷ್ಟರಲ್ಲಿ ನನ್ನನ್ನು ನೀರಿನಿಂದ ಎಳೆದ ಆ ಮುದುಕರು ಸಿಗಬೇಕು.

ಅಂದಿನದನ್ನು ಸರಿಯಾಗಿ ಬರೆದೇ ಇಲ್ಲ. ಈಗ ಬರೆಯುತ್ತೇನೆ, ಇನ್‌ಚಾರ್ಜ್ ಊಟಕ್ಕೆ ಹೋಗಿದ್ದಾರೆ.

ನಮ್ಮ ಕಂಪನಿಯ ಫ್ರೆಂಚ್ ಇಂಜಿನಿಯರ್ ದೇಶಕ್ಕೆ ಮರಳುವಾಗ ತನ್ನ ಗೇರಿನ ಸೈಕಲನ್ನೂ ಒಂದು ಸಣ್ಣ ಪುಸ್ತಕವನ್ನೂ ನನಗೆ ಕೊಟ್ಟರು. ಅವರೂರಿನ ಹೊಳೆಯ ಕಣಿವೆ, ಅದರ ಸೈಕಲ್ ದಾರಿಗಳು. ಒಂದಕ್ಷರ ಓದಲು ಬಾರದು. ಆದರೆ ನಕ್ಷೆ ಬರೆಯುವವನಿಗೆ ಅಕ್ಷರ ಯಾಕೆ? ಏರು, ಇಳಿತ, ಸೇತುವೆ, ಕುಡಿಯುವ ನೀರು ಇರುವಲ್ಲಿ ಪುಟ್ಟ ಲೋಟದ ಚಿತ್ರ. ಅದನ್ನು ನೋಡಿಯೇ ಸಮಾಯಿಲ್ ಕಣಿವೆಗೂ ಹಾಳೆ ಬರೆಯತೊಡಗಿದೆ. ಒಂದು ದಾರಿಗೆ ಒಂದು ಹಾಳೆ. ಹದಿಮೂರು ಆಗಿತ್ತು.

20-2-87, ಹದಿನಾಲ್ಕನೆಯದು. ಒಣಗಿದ ವಾದಿಯ, ಆ ಬತ್ತಿದ ಹೊಳೆಪಾತ್ರದ, ಮಧ್ಯೆ ಒಂದು ಮರದ ನೆರಳಲ್ಲಿ ಕೂತು ಚಪಾತಿ ತಿನ್ನುತ್ತಿದ್ದೆ. ಆಕಾಶ ನೀಲಿ. ನಮ್ಮೂರಲ್ಲಿ ಮೊದಲು ನಾವು ನೆನೆಯುತ್ತೇವೆ, ಆಮೇಲೆ ಹೊಳೆ ತುಂಬುತ್ತದೆ. ನಂದಿನಿ ಹೊಳೆ ಬದಿಯಲ್ಲಿ ಹುಟ್ಟಿದವನಿಗೆ ನೀರಿನ ಪಾಠವೇ? ಆ ಜಂಬ. ಇಲ್ಲಿ ಮಳೆ ಎಲ್ಲೋ ಗುಡ್ಡದ ಮೇಲೆ ಬಂದಿರುತ್ತದೆ, ನೀರು ಮಾತ್ರ ನಮ್ಮ ಹತ್ತಿರ ಬರುತ್ತದೆ. ಲಾರಿ ಸದ್ದು ಅಂದುಕೊಂಡೆ. ತಿರುಗುವಷ್ಟರಲ್ಲಿ ಸೊಂಟದವರೆಗೆ ಕೆಸರು ನೀರು. ಸೈಕಲ್ ಹೋಯಿತು, ಹಾಳೆ ಹೋಯಿತು, ನಾನೂ ಹೋಗುತ್ತಿದ್ದೆ. ದಡದಿಂದ ಒಬ್ಬ ಮುದುಕರು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಎಸೆದು ಎಳೆದರು.

ಹಸಿರು ಬಾಗಿಲಿನ ಮನೆ. ತಮ್ಮದೇ ಒಣ ದಿಶ್‌ದಾಶಾ ಉಡಿಸಿದರು. ಕಾವಾ ಎನ್ನುವ ಅರಬ್ಬಿ ಕಾಫಿ, ಖರ್ಜೂರ. ಕತ್ತಲಾದ ಮೇಲೆ ಮಗ ಜೀಪಿನಲ್ಲಿ ದೊಡ್ಡ ರಸ್ತೆಗೆ ಬಿಟ್ಟ. ಯಾವ ಅಡ್ಡದಾರಿಯಿಂದ ಬಂದೆವೋ ಕಾಣಲಿಲ್ಲ. ಅತಿಥಿಯ ಹೆಸರು ಕೇಳುವುದು ಅವರಿಗೆ ಮರ್ಯಾದೆಯಲ್ಲ, ಹಿರಿಯರ ಹೆಸರು ಕೇಳುವುದು ನಮಗೆ ಮರ್ಯಾದೆಯಲ್ಲ. ಇಬ್ಬರ ಮರ್ಯಾದೆಯ ನಡುವೆ ಹೆಸರು ತಪ್ಪಿಹೋಯಿತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಉಪಕಾರ ಆಯಿತು ಎನ್ನುವ ಒಂದು ಶುಕ್ರನ್ ಕೂಡ ಹೇಳಲಿಲ್ಲ. ಮರುವಾರವೇ ಸಲಾಲಾ ಸೈಟಿಗೆ ಹಾಕಿದರು, ಹತ್ತು ತಿಂಗಳು.

ಇನ್‌ಚಾರ್ಜ್ ಬಂದರು.

27-1-88

ದಮಯಂತಿಯ ಕಾಗದ. "ನಿಮ್ಮನ್ನು ನೀರಿನಿಂದ ಎತ್ತಿದವರು ನನ್ನ ಪಾಲಿಗೆ ದೇವರು. ಅವರ ಮುಖ ನೋಡಿ ಕೈಮುಗಿದೇ ಬನ್ನಿ. ಇಲ್ಲದಿದ್ದರೆ ಇಲ್ಲಿ ಬಂದು ನೀವೂ ನಿದ್ದೆ ಮಾಡುವುದಿಲ್ಲ, ನನಗೂ ಮಾಡಲು ಬಿಡುವುದಿಲ್ಲ. ಅವರ ಹೆಸರು ಏನು? ಕೇಳಿ ಬರೆದಿಡಿ." ಇಪ್ಪತ್ತು ವರ್ಷ ಸಂಸಾರ ಮಾಡಿದವಳು, ನನ್ನನ್ನು ಬಲ್ಲಳು.

29-1-88, ಶುಕ್ರವಾರ

ನಾಲ್ಕು ಹಳ್ಳಿ. ಲಾ, ಲಾ, ಲಾ. ನಾಲ್ಕನೆಯವರು ನನ್ನ ಹಾಳೆ ನೋಡಿ ಬಾಗಿಲೇ ಎಳೆದುಕೊಂಡರು. ಎದುರುಗಾಳಿ. ಆದರೂ ತೋಟದೊಳಗಿನ ಆ ಇಳಿಜಾರು... ಎರಡೂ ಬದಿ ಖರ್ಜೂರದ ಮರ, ಕಾಲುವೆಯ ನೀರು ಜೊತೆಜೊತೆಗೆ ಓಡುತ್ತದೆ, ಪೆಡಲ್ ತುಳಿಯುವುದೇ ಬೇಡ. ಇಂಥದ್ದು ನನ್ನ ಪಾಲಿಗೆ ಬಂದದ್ದಕ್ಕೆ ಯಾರಿಗೆ ಕೈಮುಗಿಯಲಿ?

5-2-88

ಟ್ಯೂಬ್ ಎರಡು ಕಡೆ ಒಡೆಯಿತು. ದಿನ ದಂಡ.

12-2-88, ಶುಕ್ರವಾರ

ಬಿದ್‌ಬಿದ್‌ನ ಕೆಫೆಟೇರಿಯಾದಲ್ಲಿ ಮೋನು ಬ್ಯಾರಿ ಚೆನ್ನಾಗಿ ಬೈದರು. ಉಳ್ಳಾಲದವರು, ಕಣಿವೆಯಲ್ಲಿ ಹದಿನೈದು ವರ್ಷ ಚಾಯ ಮಾರಿದವರು.

"ಹೇಗೆ ಕೇಳಿದ್ದು ನೀನು?"

ತೋರಿಸಿದೆ. ಒಂದು ಕಾಲು ಪೆಡಲ್ ಮೇಲೆ, ಕೈಯಲ್ಲಿ ಹಾಳೆ, ಕಿವಿಯಲ್ಲಿ ಪೆನ್ಸಿಲ್.

"ಅಲ್ಲ ಮಾರಾಯಾ, ನೀನು ಬಂದದ್ದು ಉಪಕಾರ ನೆನೆಸ್ಲಿಕ್ಕಾ, ಜಾಗ ಅಳೀಲಿಕ್ಕಾ? ಸರ್ಕಾರದವ ರಸ್ತೆಗೆ ತೋಟ ಅಳೀಲಿಕ್ಕೆ ಬಂದ ಅಂತ ತಿಳ್ಕೊಳ್ತಾರೆ. ಯಾರು ಬಾಯಿ ಬಿಡ್ತಾರೆ? ಹಾಳೆ ಇಲ್ಲಿ ಇಡು. ಸಲಾಂ ಹೇಳಿ ಕೂತ್ಕೋ. ಖರ್ಜೂರ ತಿನ್ನು, ಕಾವಾ ಕುಡಿ. ಅಖ್ಬಾರ್, ಸುದ್ದಿ ಏನು ಅಂತ ಕೇಳಿದ್ರೆ ಏನೂ ಇಲ್ಲ, ಎಲ್ಲ ಒಳ್ಳೇದು ಅನ್ನು. ಮತ್ತೆ ಮಾತು ತಾನಾಗಿ ಬರ್ತದೆ."

ನಾಚಿಕೆಯಾಯಿತು. ನಕ್ಷೆ ಬರೆಯುವವನ ಬುದ್ಧಿ — ಊರು ಕಂಡರೆ ಗೆರೆ ಎಳೆಯುತ್ತದೆ, ಒಳಗೆ ಹೋಗಿ ಕೂರುವುದಿಲ್ಲ. ಬೈದವರು ಚಾಯಕ್ಕೆ ದುಡ್ಡು ಮುಟ್ಟಲಿಲ್ಲ.

19-2-88, ಶುಕ್ರವಾರ. ಸಂಜೆ

ಸಿಕ್ಕಿತು! ಅರ್ಧ ಸಿಕ್ಕಿತು.

ಬರಿಗೈಯಲ್ಲಿ ಹೋದೆ. ಬಾಗಿಲೆಳೆದುಕೊಂಡ ಅದೇ ಮನೆ. ಜಗಲಿಯಲ್ಲಿ ಕೂತೆ. ಕಾವಾ. ಲೋಟ ಅಲ್ಲಾಡಿಸಿದರೆ ಸಾಕು ಎಂದರ್ಥ — ಇಷ್ಟು ವರ್ಷ ಆಫೀಸಿನ ಚಾಯ ಕುಡಿದವನಿಗೆ ಮರೆತುಹೋಗಿ ಏಳು ಲೋಟ ಕುಡಿದೆ. ಅಖ್ಬಾರ್ ಏನು? ಏನೂ ಇಲ್ಲ, ಎಲ್ಲ ಒಳ್ಳೆಯದು. ನಿಮ್ಮದು? ಎಲ್ಲ ಒಳ್ಳೆಯದು. ಆಮೇಲೆ ಊಟ. ಆಮೇಲೆ ನಿಧಾನಕ್ಕೆ ಹೇಳಿದರು — ವಾದಿಯಾಚೆ ನನ್ನ ಭಾವನ ಆಡಿನ ಕೊಟ್ಟಿಗೆಯಲ್ಲಿ ಒಂದು ಸೈಕಲ್ ತೂಗುಹಾಕಿದೆ. ವರ್ಷದಿಂದ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಒಬ್ಬ ಹಿಂದಿ ಬರುತ್ತಾನಂತೆ.

ನಾನು ಅವರನ್ನು ಹುಡುಕುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು. ಗಂಟೆ ಮೂರು ದಾಟಿತ್ತು, ಪಿಕಪ್ ನಾಲ್ಕಕ್ಕೆ. ಮುಂದಿನ ಶುಕ್ರವಾರ. ಅದೇ ಕೊನೆಯದು.

24-2-88

ಗುಡ್ಡದ ಕಡೆ ಮೋಡ. ಎಲಿಯಾಸ್ ತಾನಾಗಿಯೇ ಹೇಳಿದ, "ನಿನ್ನ ಮುದುಕನಿಗೆ ಒಂದು ಮೇಣದಬತ್ತಿ ಹಚ್ತೇನೆ." ಹೀಗೆನ್ನುವವನೇ ಅಲ್ಲ ಅವನು.

26-2-88, ಶುಕ್ರವಾರ

ವಾದಿ ಹರಿಯುತ್ತಿತ್ತು. ಕೆಂಪು ನೀರು, ಮೂವತ್ತು ಮಾರು ಅಗಲ. ಆಚೆ ದಡದಲ್ಲಿ ಹಸಿರು ಬಾಗಿಲು ಕಾಣುತ್ತದೆ, ಲಿಂಬೆ ಗಿಡ ಕಾಣುತ್ತದೆ. ನಾಡಿದ್ದು ವಿಮಾನ. ಒಂದು ಕ್ಷಣ ಪ್ಯಾಂಟ್ ಮಡಚಿದೆ. ಸುಳ್ಳು ಯಾಕೆ ಬರೆಯಲಿ, ಒಂದು ಕಾಲು ಇಟ್ಟೂ ಆಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವರೇ. ಚೀಲದಿಂದ ದಿಶ್‌ದಾಶಾ ತೆಗೆದು ಬಿಡಿಸಿ ಎತ್ತಿ ಹಿಡಿದೆ. ನೋಡಿದರು. ಗುರುತು ಸಿಕ್ಕಿತು — ಎರಡೂ ಕೈ ಮೇಲೆತ್ತಿದರು. ಆಮೇಲೆ ಅಂಗೈ ತೋರಿಸಿ, ನೆಲ ತೋರಿಸಿದರು. ಬರಬೇಡ. ಕೂತುಕೋ.

ಕೂತೆ. ಅವರೂ ಆಚೆ ಕೂತರು. ನೀರಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಮೂರು ಗಂಟೆ ಹೀಗೆ ಒಬ್ಬರನ್ನೊಬ್ಬರು ನೋಡುತ್ತ. ಈ ದೇಶದಲ್ಲಿ ಇಷ್ಟು ನೆಮ್ಮದಿಯಾಗಿ ನಾನು ಎಂದೂ ಕೂತಿರಲಿಲ್ಲ. ನೀರು ಮೊಣಕಾಲಿಗಿಳಿದಾಗ ಅವರೇ ದಾಟಿ ಬಂದರು, ಹೆಗಲ ಮೇಲೆ ನನ್ನ ಗೇರಿನ ಸೈಕಲ್. ಬಾಗಿದ ಹ್ಯಾಂಡಲ್ ನೆಟ್ಟಗಾಗಿದೆ, ಹರಿದ ಸೀಟಿಗೆ ಖರ್ಜೂರದ ನಾರು ಸುತ್ತಿದೆ.

ಶುಕ್ರನ್ ಅಂದೆ. ಮತ್ತೊಮ್ಮೆ ಅಂದೆ. ಅತ್ತೆ. ಅವರು ಬೆನ್ನು ತಟ್ಟಿದರು.

ದಿಶ್‌ದಾಶಾ ಮುಟ್ಟಲಿಲ್ಲ. "ಅದು ನಿನಗೆ ಕೊಟ್ಟದ್ದು. ಕೊಟ್ಟದ್ದು ವಾಪಸ್ಸಿಲ್ಲ." ಸೈಕಲ್ ನನ್ನ ಕಡೆ ನೂಕಿದರು. "ಇದು ಅಮಾನತ್, ನಿನ್ನ ಸೊತ್ತು. ಕಾಪಾಡಿ ಇಟ್ಟುಕೊಂಡಿದ್ದೆ, ಅಷ್ಟೇ."

ಈ ಸಲ ಮರ್ಯಾದೆ ಬಿಟ್ಟು ಹೆಸರು ಕೇಳಿದೆ. ನಕ್ಕರು. ಹೇಳಿದರು, ತಂದೆ ಅಜ್ಜ ಮುತ್ತಜ್ಜರನ್ನೆಲ್ಲ ಸೇರಿಸಿ. ನನ್ನದು ಕೇಳಿದರು. ಸೇಸಪ್ಪ. "ಬಿನ್?" ಅಪ್ಪನ ಹೆಸರು ಹೇಳಿ ನಿಂತೆ. ಅದರಾಚೆ ಗೊತ್ತಿಲ್ಲ, ನಮ್ಮದು ಅಳಿಯಸಂತಾನ. ಅಮ್ಮನ ಕಡೆ ಹೇಳಿದೆ — ಅಪ್ಪಿಯ ಮಗ, ದೇಯಿಯ ಮೊಮ್ಮಗ, ಹೀಗೆ ಏಳು ತಲೆ. ಗಂಭೀರವಾಗಿ ಕೇಳಿ ಒಂದೊಂದು ಹೆಸರನ್ನೂ ತಿರುಗಿ ಹೇಳಿದರು. ನನ್ನ ಅಜ್ಜಿಯರ ಹೆಸರು ಆ ಗುಡ್ಡಗಳ ನಡುವೆ!

28-2-88, ಭಾನುವಾರ. ಸೀಬ್ ಏರ್‌ಪೋರ್ಟ್

ಗೇರಿನ ಸೈಕಲ್ ಎಲಿಯಾಸ್‌ಗೆ. ಹದಿಮೂರು ಹಾಳೆಯೂ ಅವನಿಗೇ. "ಇನ್ನು ಪೂಜೆ ಸಂಜೆಗೆ. ಬೆಳಿಗ್ಗೆ ನಿನ್ನ ಒಂದನೇ ಹಾಳೆ ನೋಡ್ಬೇಕಲ್ಲ" ಅಂದ. ಕಣ್ಣು ಒರೆಸಿಕೊಂಡು ಧೂಳು ಅಂದ. ಏರ್‌ಪೋರ್ಟಿನೊಳಗೆ ಎಲ್ಲಿಯ ಧೂಳು!

ಹದಿನಾಲ್ಕನೆಯದು ನಿನ್ನೆ ಬರೆದೆ, ಅದು ನನ್ನ ಹತ್ತಿರ. ಹಸಿರು ಬಾಗಿಲಿನ ಮನೆ ಇರುವಲ್ಲಿ ಪುಟ್ಟ ಲೋಟ. ಅದರ ಕೆಳಗೆ ಅವರ ಹೆಸರಿಗೆ ಜಾಗ ಬಿಟ್ಟಿದ್ದೇನೆ. ದಮಯಂತಿ ಮೊದಲು ಅದನ್ನೇ ಕೇಳುವುದು. ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಚಿ ಕಲಿತಿದ್ದೇನೆ, ಮರೆಯುವ ಮೊದಲು ಇಲ್ಲಿ ಬರೆದಿಡಬೇಕು.

ಬೋರ್ಡಿಂಗ್ ಕರೆದರು. ಸಾಲು ಹೊರಟಿತು. ಬೇಗ —

ಸಾಲಿಂ ಬಿನ್ ನಾಸರ್ ಬಿನ್ ಹಮೂದ್ ಬಿನ್