ಹೆಚ್ಚಿಗೆ ಇಟ್ಟ ತಟ್ಟೆ

ಕುಂಬಳೆ
27 ಡಿಸೆಂಬರ್ 2024

ಪ್ರೀತಿಯ ತಂಗಿ ಅಪ್ಪಿಗೆ, ಅಕ್ಕ ಶಂಕರಿಯ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಂಟೋ ಇಲ್ಲವೋ, ಪೂರ್ತಿ ಓದಿ ನೀನೇ ಹೇಳು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎನ್ನುವ ಮುಖವೂ ನನಗಿಲ್ಲ. ಅದಕ್ಕೇ ನಿಮ್ಮ ದೇಲಂಪಾಡಿಗೆ ಹೊರಟ ನೆರೆಮನೆಯ ಪೂವಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ವಿಜೇತ್ ಪೋಲೆಂಡಿನ ಮಗ್ದಾಳನ್ನು ಮದುವೆಯಾಗುತ್ತೇನೆ ಎಂದಾಗ ನಾನು ಊಟ ಬಿಟ್ಟು ಕೂತಿದ್ದೆ. ಮನುಷ್ಯರಲ್ಲಿ ಎಂತ ಪೋಲೆಂಡ್, ಎಂತ ಕುಂಬಳೆ ಅಕ್ಕಾ ಎಂದು ನೀನೊಬ್ಬಳೇ ನನ್ನ ಮಗನ ಪರ ನಿಂತೆ. ಇನ್ನು ನನ್ನ ಮೆಟ್ಟಿಲು ಹತ್ತಬೇಡ ಎಂದೆ ನಾನು. ಈಗ ನೋಡು, ರಜೆಗೆ ಬಂದ ಆ ಸೊಸೆಯನ್ನೂ ಅವಳ ತಾಯಿ ಹಲೀನಾ ಅವರನ್ನೂ ನೆರೆಕರೆಗೆಲ್ಲ ತೋರಿಸಿಕೊಂಡು ಮೆರೆಯುತ್ತಿದ್ದೇನೆ. ನಿನ್ನನ್ನು ನೋಡಲು ಬರುತ್ತೇನೆಂದ ವಿಜೇತನನ್ನು ಮಾತ್ರ ತಡೆದು ನಿಲ್ಲಿಸಿದೆ.

ಹಲೀನಾ ಬಂದ ಮರುದಿನವೇ ನನ್ನ ಹಳೆಯ ನೈಟಿ ಹಾಕಿಕೊಂಡು ಅಡುಗೆಮನೆಗೆ ನುಗ್ಗಿದರು. ಮಿಡಿ ಉಪ್ಪಿನಕಾಯಿಗೆ ಕಣ್ಣೀರು ಸುರಿಸಿ, ಮತ್ತೆ ಕೈ ಚಾಚಿದರು. ಹಿಂದೆ ನೆರೆಯ ರಾಜರು ಅವರ ದೇಶವನ್ನು ಹಂಚಿಕೊಂಡು, ನೂರು ವರ್ಷಕ್ಕೂ ಹೆಚ್ಚು ಕಾಲ ಭೂಪಟದಲ್ಲೇ ಇಲ್ಲದಂತೆ ಮಾಡಿದ್ದರಂತೆ. ಭಾಷೆಯನ್ನು ಮನೆಯೊಳಗೆ ಕಾಪಾಡಿಕೊಂಡರಂತೆ. ಕೇರಳದ ಈ ಗಡಿಯಲ್ಲಿ ಕನ್ನಡ ಉಳಿಸಿಕೊಂಡು ಬದುಕುವ ನನಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅರ್ಥವಾಗದ್ದು ಆ ತಟ್ಟೆ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅವರಲ್ಲಿ ದೊಡ್ಡ ಊಟ. ಮಾಂಸ ಇಲ್ಲ, ಬೀಟ್ರೂಟಿನ ಸಾರು, ಬಟಾಟೆ ತುಂಬಿದ ಕಡುಬು. ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಕೂರಬಾರದು. ನಾವಿದ್ದದ್ದು ನಾಲ್ವರು, ಹಲೀನಾ ಇಟ್ಟದ್ದು ಐದು ತಟ್ಟೆ. ಕೂರುವವರಿಲ್ಲದೆ ನಾವು ಎಲೆ ಹಾಕುವುದು ಸತ್ತವರಿಗೆ ಮಾತ್ರ ಅಲ್ಲವಾ? ಮಗ್ದಾ ಬಸುರಿ ಬೇರೆ. ಅವರೆಲ್ಲ ನಕ್ಷತ್ರ ನೋಡಲು ಹಿತ್ತಿಲಿಗೆ ಹೋದಾಗ ಆ ತಟ್ಟೆಯನ್ನು ತೆಗೆದು ಪಾತ್ರೆಗಳ ಅಡಿಗೆ ತುರುಕಿದೆ.

ಆಗಲೇ ನೀನು ಬಂದದ್ದು. ಅಂಗಳದಲ್ಲಿ ನಿಂತು ಅಕ್ಕಾ ಎಂದು ಕರೆದೆ. ಕೈಯಲ್ಲಿ ಕೇದಗೆ ಎಲೆಯಲ್ಲಿ ಬೇಯಿಸಿದ ಬಿಸಿ ಮೂಡೆಯ ಚೀಲ. ಮಗ್ದಾಳನ್ನು ಒಮ್ಮೆ ನೋಡಿ ಹೋಗುತ್ತೇನೆ ಎಂದೆ. ನೀನು ಹೇಳಿದ್ದೇ ಸರಿಯಾಗಿತ್ತೆಂದು ಬೀಗಿತ್ತಿಯ ಎದುರು ಒಪ್ಪಿಕೊಳ್ಳಬೇಕಾದೀತು ಎಂದು ನನ್ನ ಹಟ ಎದ್ದು ನಿಂತಿತು. ನಮ್ಮ ಊಟ ಆಯಿತು, ಎಲ್ಲರೂ ಮಲಗಿದ್ದಾರೆ ಎಂದುಬಿಟ್ಟೆ. ಕತ್ತಲಾಗುವ ಮೊದಲೇ ಮಲಗುವವರುಂಟಾ ಎಂದು ನೀನು ಕೇಳಲಿಲ್ಲ. ಚೀಲ ಹಿಡಿದುಕೊಂಡು ಬಸ್ಸಿಗೆ ನಡೆದೆ.

ಒಳಗೆ ಬಂದ ಹಲೀನಾ ತಟ್ಟೆ ಹುಡುಕಿದರು. ಅದು ಸತ್ತವರಿಗಲ್ಲವಂತೆ. ಆ ಸಂಜೆ ಕರೆಯದೆ ಯಾರಾದರೂ ಬಾಗಿಲಿಗೆ ಬಂದರೆ ಕೂರಿಸಿ ಬಡಿಸಲಿಕ್ಕೆ ಎಂದು ವಿಜೇತ್ ಹೇಳಿದ.

ಊಟದ ಮೊದಲು ಹಪ್ಪಳಕ್ಕಿಂತ ತೆಳುವಾದ ಬಿಳಿ ರೊಟ್ಟಿಯನ್ನು ಒಬ್ಬರ ಕೈಯಿಂದ ಒಬ್ಬರು ಮುರಿದು ತಿಂದು, ಮನಸ್ತಾಪ ಬಿಡುತ್ತಾರೆ. ದೂರದವರಿಗೆ ಪತ್ರದೊಳಗೆ ಇಟ್ಟು ಕಳಿಸುವುದೂ ಉಂಟಂತೆ. ನನ್ನ ಪಾಲನ್ನು ನಾನು ಬಾಯಿಗಿಡಲಿಲ್ಲ. ಅರ್ಧ ಇದರೊಳಗೆ ಉಂಟು. ತಿನ್ನುವುದು, ಬಿಡುವುದು ನಿನ್ನ ಮನಸ್ಸು. ನಾಡಿದ್ದು ಆದಿತ್ಯವಾರ ಅವರು ಹೊರಡುತ್ತಾರೆ. ಅದರ ಮೊದಲು ಬಾ, ಅಪ್ಪಿ. ನನಗಾಗಿ ಅಲ್ಲದಿದ್ದರೂ ಆ ಹುಡುಗಿಗಾಗಿ ಬಾ.

ನಿನ್ನೆದುರು ತಲೆ ತಗ್ಗಿಸಿದ ಅಕ್ಕ,
ಶಂಕರಿ

ತಾ.ಕ.: ಒಂದು ಮಾತು ಬರೆಯದೆ ಬಿಟ್ಟಿದ್ದೆ. ಅಂಗಳದಲ್ಲಿ ಮಾತಾಡಿದ್ದು ಯಾರೆಂದು ಹಲೀನಾ ಕೇಳಿದರು. ಯಾರೋ ದಾರಿ ತಪ್ಪಿ ಬಂದವರು ಎಂದೆ. ವಿಜೇತ್ ಅದನ್ನು ಹಾಗೆಯೇ ಅವರ ಭಾಷೆಯಲ್ಲಿ ಹೇಳಿದ. ಅಂಥವರಿಗೇ ಅಲ್ಲವಾ ತಟ್ಟೆ ಎಂದು ಹಲೀನಾ ಗೇಟಿನವರೆಗೆ ಓಡಿದರು. ನೀನು ಎತ್ತಿ ಆಡಿಸಿದ ಹುಡುಗ ಅವನು, ನಿನ್ನ ದನಿ ಅವನಿಗೆ ಗೊತ್ತಾಗದೆ ಇರುತ್ತದಾ? ಅಂದಿನಿಂದ ಅವನು ನನ್ನ ಮುಖ ನೋಡಿ ಮಾತಾಡಿಲ್ಲ.