ಅವ್ವನ ತಲೆಯ ಮೇಲಿನ ಆಣೆ

ಗಾಂಧಿ ಗಂಜಿನ ಹಿಂದಿನ ಓಣಿ, ಬೀದರ
21 ಏಪ್ರಿಲ್ 2016, ಗುರುವಾರ

ಪ್ರೀತಿಯ ತಂಗಿ ಶಾಲುಬಾಯಿಗೆ ನಿನ್ನ ದಾದಾ ಮಾಡುವ ಜೈಭೀಮ,

ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಮೇಸ್ತ್ರಿ ಎಷ್ಟೇ ಕರೆದರೂ ಬಾವು ಇಳಿಯುವ ಮೊದಲು ಪುಣೆಯ ಆ ಕಟ್ಟಡ ಹತ್ತಬೇಡ. ಮಾಣಿಕನ ಕೆಮ್ಮು ಹೇಗಿದೆ? ಇಲ್ಲಿ ನಳದ ನೀರು ಹತ್ತು ದಿನಕ್ಕೊಮ್ಮೆ. ಖಟಕ ಚಿಂಚೋಳಿಯಲ್ಲಿ ನಿಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀ, ನಾನು ರೇಗುತ್ತೇನೆ, ಮಾತು ಅಲ್ಲಿಗೇ ಮುರಿಯುತ್ತದೆ. ಅದಕ್ಕೇ ಈ ಕಾಗದ. ಪುಣೆಗೆ ಹೊರಟಿರುವ ಪಕ್ಕದ ಮನೆಯ ಪಂಢರಿ ಶನಿವಾರ ನಿನ್ನ ಕೈಗೆ ಕೊಡುತ್ತಾನೆ.

ನಿನ್ನ ಮಗಳು ಮಿತ್ರಾಳ ವಿಷಯ. ನೀನೂ ನಿನ್ನ ಗಂಡ ಮಾಣಿಕನೂ ದುಡಿಯಲು ಹೋದ ಮೇಲೆ ಅವಳನ್ನು ಭಾಲ್ಕಿಯ ಹಾಸ್ಟೆಲಿಗೆ ಸೇರಿಸಿದವನು ನಾನೇ. ಅವಳು ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾಳೆ ಎಂದು ದೀಪಾವಳಿಯ ಹೊತ್ತಿಗೆ ವಾರ್ಡನ್ ಫೋನ್ ಮಾಡಿದರಲ್ಲ, ಆಮೇಲೆ ಆ ಮಹಾತಾಯಿ ಮಾಡಿದ ಉಪಾಯವೇನು ಗೊತ್ತೇ? ಹಾಸ್ಟೆಲಿನಲ್ಲಿ ಯಾರೂ ತುಂಬುತೋಳಿನ ಅಂಗಿ ಹಾಕಬಾರದೆಂದು ಗೋಡೆಗೆ ಚೀಟಿ ಅಂಟಿಸಿದರು. ನಿಯಮ ಯಾರ ಸಲುವಾಗಿ ಬಂತೆಂದು ಅಂದು ಸಂಜೆಯೊಳಗೆ ಎಲ್ಲ ಹುಡುಗಿಯರಿಗೂ ತಿಳಿಯಿತು. ನಾನು ಜಗಳಕ್ಕೆ ಹೋದರೆ, ‘ಹದಿನೈದರ ವಯಸ್ಸು ಅದರಿ, ಯಾವನೋ ಹುಡುಗನ ಸಲುವಾಗಿ ನಾಟಕ ನಡಸ್ಯಾಳ’ ಎಂದು ನನ್ನ ಮುಖಕ್ಕೇ ಹೇಳಿದರು. ಹುಡುಗನೂ ಇರಲಿಲ್ಲ, ನಾಟಕವೂ ಇರಲಿಲ್ಲ.

ನನ್ನ ಸಿಟ್ಟು ಹಳೆಯದು, ಶಾಲು. ಎಪ್ಪತ್ತೆರಡರ ಬರದಲ್ಲಿ ನೀನಿನ್ನೂ ಹುಟ್ಟಿರಲಿಲ್ಲ. ಔರಾದ ಕಡೆಯ ಠಾಣಾ ಕುಶನೂರಿನಲ್ಲಿ ನಮ್ಮ ಚಿಕ್ಕವ್ವನ ಮಗಳು ಜಿಜಾಬಾಯಿ ಹೀಗೆಯೇ ಮಾಡಿಕೊಳ್ಳುತ್ತಿದ್ದಳು. ಅವಳ ಅಪ್ಪ ಅವ್ವ ಹೈದರಾಬಾದಿನಲ್ಲಿ ಮಣ್ಣು ಹೊರುತ್ತಿದ್ದರು. ಊರವರು ‘ಗಾಳಿ ಬಡದದ’ ಎಂದರು, ಬೇವಿನ ಸೊಪ್ಪಿನಿಂದ ಬಡಿಸಿದರು, ವರ್ಷದೊಳಗೆ ಮದುವೆ ಮಾಡಿ ಕೈತೊಳೆದುಕೊಂಡರು. ಯಾಕವ್ವಾ ಎಂದು ಯಾರೂ ಕೇಳಲಿಲ್ಲ; ಹದಿನಾರರ ನಾನೂ ಕೇಳಲಿಲ್ಲ. ಈಗ ಗಾಳಿಯ ಜಾಗಕ್ಕೆ ಹುಡುಗನನ್ನು ತಂದಿದ್ದಾರೆ, ಇಷ್ಟೇ ಪ್ರಗತಿ. ಈ ವರ್ಷದ ಬರ ನೋಡಲು ಬಂದ ಸಾಹೇಬರು ಒಣಗಿದ ತೊಗರಿ, ಸೋಯಾ ಎಲ್ಲ ಬರೆದುಕೊಂಡು ಹೋದರು. ದುಡಿಯಲು ಹೋದವರು ಬಿಟ್ಟುಹೋದ ಮಕ್ಕಳ ಗತಿ ಏನೆಂದು ಯಾವ ಕಾಗದದಲ್ಲೂ ಕಾಲಂ ಇಲ್ಲ.

ಪರರನ್ನು ಬೈದದ್ದು ಸಾಕು. ನಾವು ಏನು ಮಾಡಿದೆವು? ನೀನು ಎರಡು ದಿನಕ್ಕೆಂದು ಪುಣೆಯಿಂದ ಓಡಿಬಂದೆ. ಬಾಬಾಸಾಹೇಬರ ಫೋಟೊದ ಮುಂದೆ ಅವಳನ್ನು ನಿಲ್ಲಿಸಿ, ಅವಳ ಕೈಯನ್ನು ನಿನ್ನ ತಲೆಯ ಮೇಲಿಟ್ಟುಕೊಂಡು, ‘ಇನ್ನೊಮ್ಮಿ ಮಾಡ್ಕೊಂಡ್ರ ನಾ ಸತ್ತಂಗ’ ಎಂದು ಆಣೆ ಮಾಡಿಸಿದೆ. ದೇವರು ದೆವ್ವ ಬಿಟ್ಟವರು ನಾವು ಎಂದು ಊರಿಗೆಲ್ಲ ಭಾಷಣ ಬಿಗಿಯುವ ನಾನು ಪಕ್ಕದಲ್ಲೇ ನಿಂತು ‘ಭೇಷ್’ ಎಂದೆ. ಹುಡುಗಿ ಎರಡು ವಾರ ತಡೆದಳು. ಆಮೇಲೆ ತಡೆಯಲಾಗಲಿಲ್ಲ, ಹೇಳಲೂ ಆಗಲಿಲ್ಲ. ಮಾರ್ಚ್‌ನಲ್ಲಿ ನೀನು ಬಿದ್ದು ಕಾಲು ಮುರಿದುಕೊಂಡೆ. ತಾನು ಆಣೆ ಮುರಿದದ್ದಕ್ಕೇ ಅವ್ವ ಬಿದ್ದಳು ಎಂದು ಅವಳು ನಂಬಿಬಿಟ್ಟಳು. ಆ ವಾರ ಗಾಯಗಳು ಹೆಚ್ಚಾದವು. ಪರೀಕ್ಷೆ ಮುಗಿದ ದಿನವೇ ಅವಳನ್ನು ಇಲ್ಲಿಗೆ ಕರೆತಂದೆ. ಅವಳು ಓದಿನಲ್ಲಿ ಹಿಂದೆ ಬಿದ್ದಳಲ್ಲ ಎಂದು ನಾನು ಗೊಣಗುತ್ತಿದ್ದರೆ ನಿನ್ನ ಅತ್ತಿಗೆ ಕೌಸಲ್ಯಾಬಾಯಿ, ‘ಪುಸ್ತಕ ಓದಿದ್ದು ಸಾಕ್ರಿ, ಒಂದೀಟು ಹುಡುಗಿ ಮಾರಿ ಓದ್ರಿ’ ಎಂದಳು. ಅವಳೇ ಹಟ ಹಿಡಿದು ನಮ್ಮನ್ನು ಮನಸ್ಸಿನ ಡಾಕ್ಟರ ಹತ್ತಿರ ಹೊರಡಿಸಿದಳು.

ಡಾಕ್ಟರು ಮಹಮೂದಾ ಬೇಗಂ ಎಂದು. ಮೂರು ತಾಸು ಕಾದು ಒಳಗೆ ಹೋದರೆ, ಆಕೆ ಮೊದಲು ಕೇಳಿದ್ದೇ ‘ಸಾಯಬೇಕು ಅನಸ್ತದೇನವ್ವಾ?’ ಎಂದು. ನಾನು ಕುರ್ಚಿ ಬಿಟ್ಟು ಎದ್ದೆ. ‘ಕೂಡ್ರಿ ಚಾಚಾ, ಕೇಳಿದ್ರ ಯಾರೂ ಸಾಯಂಗಿಲ್ಲ. ಕೇಳದಿದ್ರನೇ ಅಂಜಿಕಿ’ ಎಂದರು. ಮಿತ್ರಾ ಇಲ್ಲವೆಂದು ತಲೆಯಾಡಿಸಿ ಅತ್ತಳು. ಎದೆಯೊಳಗಿನ ಸಂಕಟಕ್ಕೆ ಮಾತು ಸಿಗದಾಗ ಅದನ್ನು ತಡೆಯಲೆಂದು ಮಕ್ಕಳು ಹೀಗೆ ಮಾಡಿಕೊಳ್ಳುವುದುಂಟಂತೆ. ನಾಟಕವಲ್ಲ, ಹಟವಲ್ಲ. ಹಾಗೆಂದು ಹಗುರಾಗಿ ಬಿಡುವಂಥದ್ದೂ ಅಲ್ಲ. ಆಣೆಯ ಕಥೆ ಕೇಳಿ ಅವರು ನನ್ನನ್ನೇ ನೋಡಿದರು: ‘ಗಾಯ ನಿಂದ್ರಲಿಲ್ಲ ಚಾಚಾ, ಹೇಳೋದು ನಿಂತದ.’ ಈಗ ವಾರಕ್ಕೊಮ್ಮೆ ಅವರ ಹತ್ತಿರ ಹೋಗುತ್ತೇವೆ. ಸಂಕಟ ಏರುವುದನ್ನು ಗುರುತಿಸುವುದು, ಆಗ ಒಬ್ಬಳೇ ಇರದೆ ಯಾರನ್ನಾದರೂ ಕರೆಯುವುದು, ಆ ಹೊತ್ತು ದಾಟಿಸುವುದು, ಇವನ್ನು ಕಲಿಸುತ್ತಿದ್ದಾರೆ. ಅಪಾಯದ ಸಾಮಾನನ್ನೆಲ್ಲ ಕೌಸಲ್ಯಾ ಸದ್ದಿಲ್ಲದೆ ಎತ್ತಿಟ್ಟಿದ್ದಾಳೆ. ತೋಳು ತೋರಿಸು ಎಂದು ಯಾರೂ ಕೇಳುವುದಿಲ್ಲ. ಒಂದೇ ತಿಂಗಳಲ್ಲಿ ಎಲ್ಲ ನೆಟ್ಟಗಾಗದು ಎಂದಿದ್ದಾರೆ; ನನ್ನ ತಾಳ್ಮೆಯ ಮಟ್ಟ ನಿನಗೆ ಗೊತ್ತೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಗುಳಿಗೆ ತಪ್ಪಿಸಬೇಡ. ಮಾಣಿಕನಿಗೆ ನನ್ನ ಜೈಭೀಮ, ನಿನಗೆ ನಿನ್ನ ಅತ್ತಿಗೆಯ ಆಶೀರ್ವಾದ.

ನಿನ್ನ ದಾದಾ,
ಮಚ್ಛೇಂದ್ರ

ತಾ.ಕ.: ಪಂಢರಿ ಬಾಗಿಲಲ್ಲಿ ನಿಂತು ಬಸ್ಸು ತಪ್ಪುತ್ತದೆಂದು ಕೂಗುತ್ತಿದ್ದಾನೆ, ಮುಖ್ಯ ಮಾತೇ ಉಳಿಯಿತು. ಮೊನ್ನೆ ಸಂಜೆ ಮಿತ್ರಾ ತಾನಾಗಿ ಬಂದು, ‘ಮಾಮಾ, ಒಳಗ ಭಾಳ ಗದ್ದಲ ಆಗ್ಲತ್ತದ, ನನ್ನ ಬಾಜೂಕ ಕೂಡ್ರಿ’ ಎಂದಳು. ಗಾಯ ಆಗುವ ಮೊದಲೇ ಹೇಳಿದ್ದು ಇದೇ ಮೊದಲ ಸಲ. ಇಬ್ಬರೂ ತೊಗರಿ ಹಸನು ಮಾಡುತ್ತ ಕುಳಿತೆವು. ಹೊತ್ತು ದಾಟಿತು. ಆಣೆ ಮುರಿದದ್ದನ್ನು ಭಾನುವಾರ ಫೋನಿನಲ್ಲಿ ತಾನೇ ನಿನಗೆ ಹೇಳುತ್ತಾಳಂತೆ. ‘ಮೊದ್ಲ ನೀವು ಕಾಗದದಾಗ ಬರೀರಿ, ಒಮ್ಮಿಗೇ ಕೇಳಿದ್ರ ಅವ್ವ ಎದಿ ಒಡ್ಕೋತಾಳ’ ಎಂದು ಅವಳೇ ಹೇಳಿದ್ದರಿಂದ ಇಷ್ಟೆಲ್ಲ ಬರೆದೆ. ಯಾಕೆ ಮಾಡಿಕೊಂಡೆ ಎಂದು ಕೇಳಬೇಡ. ‘ಹೇಳಿದ್ದು ಚಲೋ ಆಯ್ತು ಮಗಳ, ಆ ಆಣಿ ನಾ ವಾಪಸ್ ತಗೊಂಡೀನಿ’ ಎನ್ನು, ಅಷ್ಟು ಸಾಕು. ಅಳು ಬಂದು ಅಷ್ಟೂ ಹೊರಡದಿದ್ದರೆ ಪರವಾಗಿಲ್ಲ. ಅವಳು ಮುಗಿಸುವವರೆಗೆ ಫೋನ್ ಮಾತ್ರ ಇಡಬೇಡ.